ಮನಿ ಗಟ್ಟಿ ಐತೇನ್ರಿ?

ಮೂರು ವರ್ಷದ ಹಿಂದೆ ಒಬ್ಬ ಅಮ್ಮ ಕೇಳಿದ ಪ್ರಶ್ನೆ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ಕೊಪ್ಪಳ ಜಿಲ್ಲೆಯ ಒಂದು ಊರು. ಊರ ಹೊರಗಿನ ಹೊಸ ಬಡಾವಣೆಯಲ್ಲಿ 20-30ರ ಸೈಟು. ಅವರ ಮಗ, ಸೊಸೆ ಇಬ್ಬರೂ ಬೆಂಗಳೂರಿಗೆ ಗುಳೆ ಹೋದವರು. 12 ವರ್ಷ ಅಲ್ಲಿ ದುಡಿದ ದುಡ್ಡು ಇಲ್ಲಿ ಎರಡು ಕೋಣೆ, ಒಂದು ಪಡಸಾಲೆ, ಒಂದು ಅಡುಗೆಮನೆಯಾಗಿ ನಿಂತಿತ್ತು. ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಮನೆ ಮುಗಿದ ಪ್ರಮಾಣಪತ್ರ ಕೊಡುವ ಮೊದಲು ಸ್ಥಳ ನೋಡಿ ಬರೆಯಬೇಕು, ಅದಕ್ಕೆ ನಾನು ಹೋಗಿದ್ದೆ. ಟೇಪಿನ ಒಂದು ತುದಿ ಕಚೇರಿಯ ಹುಡುಗ ಹಿಡಿದ, ಇನ್ನೊಂದು ನಾನು ಹಿಡಿದೆ. ಮುಂದೆ ಎಷ್ಟು ಜಾಗ ಬಿಟ್ಟಿದ್ದಾರೆ, ಹಿಂದೆ ಎಷ್ಟು, ಎರಡೂ ಪಕ್ಕ ಎಷ್ಟು, ಎತ್ತರ ಎಷ್ಟು. ಎಲ್ಲ ನಕ್ಷೆಯಲ್ಲಿದ್ದ ಹಾಗೇ ಇತ್ತು. ಇಂಥ ಮನೆ ನನಗೆ ಅಪರೂಪ. ಖುಷಿಯಿಂದಲೇ ಬರೆದುಕೊಂಡೆ.

ಆ ಅಮ್ಮ ಚಹಾ ತಂದುಕೊಟ್ಟು ಬಾಗಿಲ ಹತ್ತಿರ ನಿಂತಿದ್ದರು. ನಾನು ಫೈಲು ಮುಚ್ಚಿದ ಮೇಲೆ ಕೇಳಿದರು: "ಎಲ್ಲಾ ಅಳತಿ ಮಾಡಿದ್ರಿ ಯವ್ವಾ. ಮನಿ ಗಟ್ಟಿ ಐತೇನ್ರಿ?"

"ಹೌದಮ್ಮಾ, ಗಟ್ಟಿ ಐತಿ" ಅಂದುಬಿಟ್ಟೆ. ಗೊತ್ತಿಲ್ಲದೇ ಅಂದೆ. ಪಾಯ ಎಷ್ಟು ಆಳ ಹೋಗಿದೆ, ಕೆಳಗೆ ಯಾವ ಮಣ್ಣಿದೆ, ಸ್ಲ್ಯಾಬಿನೊಳಗೆ ಕಬ್ಬಿಣ ಹೇಗೆ ಕೂತಿದೆ, ಯಾವುದನ್ನೂ ನಾನು ನೋಡಿರಲಿಲ್ಲ. ಬೈಕು ಹತ್ತಿದ ಮೇಲೆ ಅದು ನನಗೆ ಹೊಳೆಯಿತು. ಒಂದು ಮನೆಯನ್ನು ಸುತ್ತ ಅಳೆದು ಬಂದಿದ್ದೇನೆ, ಆ ಮನೆಯವರು ನಿಜವಾಗಿ ತಿಳಿಯಬೇಕಾದ ಒಂದೇ ವಿಷಯ ನನಗೆ ಗೊತ್ತಿಲ್ಲ.

ಕಾಣುವುದು, ಮುಚ್ಚಿಹೋಗುವುದು

ಜನ ನಮ್ಮನ್ನು ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಅಂತಾರೆ. ಕಾಗದದ ಮೇಲೆ ನಾನು ಕಿರಿಯ ಅಭಿಯಂತರೆ. ಈ ಭಾಗದವರಿಗೆ ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮಂಥ ಬಹಳ ಮಂದಿಗೆ ಇಲ್ಲೇ ಕೆಲಸ ಸಿಕ್ಕಿತು, ನನಗೂ ಹಾಗೇ ಸಿಕ್ಕಿದ್ದು. ಮೊದಲು ರಾಯಚೂರು ಕಡೆ, ಈಗ ಕೊಪ್ಪಳ ಕಡೆ. ಬೆಳಗ್ಗೆ ಒಡೆದ ನೀರಿನ ಪೈಪು, ಮಧ್ಯಾಹ್ನ ಚರಂಡಿಯ ಬಿಲ್ಲು, ಸಂಜೆ ಸಭೆ. ಚುನಾವಣೆ ಬಂದರೆ ಎರಡು ತಿಂಗಳು ಅದೇ ಕೆಲಸ. ಇದರ ನಡುವೆ ಕಟ್ಟಡ ಪರವಾನಗಿಯ ಫೈಲುಗಳು. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ 187ನೇ ಕಲಂ ಪ್ರಕಾರ ಮನೆ ಕಟ್ಟುವ ಮೊದಲು ತಿಳಿಸಬೇಕು, ಅನುಮತಿ ಪಡೆಯಬೇಕು. ಪಡೆಯದಿದ್ದರೆ, ನಕ್ಷೆ ಮೀರಿದರೆ ನಾವು ನೋಟಿಸು ಕೊಡಬೇಕು. ಕಾಯ್ದೆ ಸರಿಯಾಗಿಯೇ ಇದೆ. ಒಬ್ಬರ ಕೈಗೆ ಇಷ್ಟೆಲ್ಲ ಕೊಟ್ಟರೆ ಆ ಕೈ ಮೊದಲು ಯಾವುದನ್ನು ಹಿಡಿಯುತ್ತದೆ ಅನ್ನುವುದೇ ಪ್ರಶ್ನೆ.

ಕಣ್ಣಿಗೆ ಕಾಣುವುದನ್ನು ಹಿಡಿಯುತ್ತದೆ. ರಸ್ತೆ ಮೇಲೆ ಚಾಚಿದ ಸಜ್ಜಾ, ಚರಂಡಿ ಮೇಲೆ ಇಳಿದ ಮೆಟ್ಟಿಲು, ಪಕ್ಕದ ಗೋಡೆಗೆ ಅಂಟಿದ ಗೋಡೆ. ಇವು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ. ಓಣಿ ಕಿರಿದಾದರೆ ಆಂಬುಲೆನ್ಸ್ ಒಳಗೆ ಬರುವುದಿಲ್ಲ. ಪಕ್ಕದಲ್ಲಿ ಮೂರಡಿ ಬಿಡದಿದ್ದರೆ ಒಳಗಿನ ಕೋಣೆಗೆ ಹಗಲಲ್ಲೂ ಲೈಟು ಬೇಕು. ಮಣ್ಣಿನ ಮಾಳಿಗೆಯ ಹಳೇ ಮೇಲ್ಮುದ್ದಿ ಮನೆಯಲ್ಲಿ ಒಂದು ಗೇಣಗಲದ ಬೆಳಕಿಂಡಿ ಕೊಡುತ್ತಿದ್ದಷ್ಟು ಬೆಳಕೂ ಎಷ್ಟೋ ಹೊಸ ಮನೆಗಳಲ್ಲಿ ಇಲ್ಲ. ಆದರೆ ಸಜ್ಜಾ ಇವತ್ತೂ ಕಾಣುತ್ತದೆ, 20 ವರ್ಷ ಬಿಟ್ಟು ಬಂದರೂ ಕಾಣುತ್ತದೆ. ಯಾರು ಬೇಕಾದರೂ ಟೇಪು ಹಿಡಿಯಬಹುದು. ಪಾಯದ ಗುಂಡಿ ಕಾಣುವುದು ನಾಲ್ಕೈದು ದಿನ. ಸ್ಲ್ಯಾಬಿಗೆ ಕಟ್ಟಿದ ಕಬ್ಬಿಣ ಕಾಣುವುದು ಒಂದೋ ಎರಡೋ ದಿನ. ಆಮೇಲೆ ಆ ಮನೆ ಇರುವ ತನಕ ಯಾರೂ ಅದನ್ನು ನೋಡುವುದಿಲ್ಲ. ಆ ಕೆಲವೇ ದಿನಗಳಲ್ಲಿ ನಾವು ಅಲ್ಲಿರುವುದಿಲ್ಲ.

ಹಗೇವು

ನೆಲ ಅಂದರೆ ಏನು ಅಂತ ನನಗೆ ಕಲಿಸಿದ್ದು ಕಾಲೇಜಲ್ಲ. ಒಬ್ಬ ಅಜ್ಜ. ಹಳೇ ಊರಿನ ಓಣಿಯಲ್ಲಿ ಒಂದು ಮೇಲ್ಮುದ್ದಿ ಮನೆ ಕೆಡವಿ, ಪಿಲ್ಲರ್ ಎತ್ತಿ ಎರಡಂತಸ್ತು ಕಟ್ಟುತ್ತಿದ್ದರು. ತೊಲೆ, ಜಂತಿ ಎಲ್ಲ ರಸ್ತೆ ಬದಿಗೆ ಪೇರಿಸಿದ್ದರು. ನಾನು ಹೋಗಿದ್ದು ಆ ಮರ ದಾರಿಗೆ ಅಡ್ಡ ಬಂದಿದೆ ಅನ್ನುವ ದೂರಿಗೆ. ಎದುರು ಮನೆಯ ಕಟ್ಟೆ ಮೇಲೆ ಕೂತಿದ್ದ ಅಜ್ಜ, ಗೌಂಡಿ ಮೂಲೆಯ ಪಿಲ್ಲರಿಗೆ ಗುಂಡಿ ತೋಡುವುದನ್ನೇ ನೋಡುತ್ತಿದ್ದರು. ನನ್ನನ್ನು ಕಂಡು ಕರೆದರು: "ತಂಗೀ, ಅವರಿಗೆ ಹೇಳು. ಅಲ್ಲಿ ಹಗೇವು ಐತಿ. ನಾ ಹುಡುಗಿದ್ದಾಗ ನಮ್ಮಪ್ಪ ಅದರಾಗಿಂದ ಜೋಳ ತಗದಾನ."

ಹಗೇವು ಅಂದರೆ ಕಾಳು ಕೂಡಿಡಲು ನೆಲದೊಳಗೆ ತೋಡಿದ ಗುಂಡಿ. ಗೌಂಡಿ ನಂಬಲಿಲ್ಲ. ನಕ್ಷೆಯಲ್ಲಿ ಹಗೇವು ಇರಲಿಲ್ಲ. ಯಾವ ನಕ್ಷೆಯಲ್ಲೂ ಇರುವುದಿಲ್ಲ. "ಒಮ್ಮೆ ಹಾರಿ ಹಾಕಿ ನೋಡ್ರಿ ಕಾಕಾ" ಅಂದೆ. ಗುಂಡಿಯ ತಳಕ್ಕೆ ಕಬ್ಬಿಣದ ಹಾರಿ ಬಿದ್ದಾಗ ಬಂದ ಸದ್ದು ಈಗಲೂ ನೆನಪಿದೆ. ಗರಸಿಗೆ, ಅಂದರೆ ಗಟ್ಟಿ ಕಲ್ಲುಮಣ್ಣಿಗೆ ಬಿದ್ದರೆ ಹಾರಿ ಠಣ್ ಅನ್ನುತ್ತದೆ. ಇದು ಧಂ ಅಂದಿತು, ಖಾಲಿ ಡ್ರಮ್ಮಿಗೆ ಬಡಿದ ಹಾಗೆ. ಒಂದಡಿ ಪಕ್ಕಕ್ಕೆ ಅಗೆದರೆ ಒಂದು ಚಪ್ಪಡಿ ಕಲ್ಲು. ನಾಲ್ಕು ಮಂದಿ ಸೇರಿ ಸರಿಸಿದರು. ಕೆಳಗೆ ಕಪ್ಪು ಬಾಯಿ, ಅದರಿಂದ ಹುಳಿ ಹುಳಿಯಾದ ಹಳೇ ವಾಸನೆ.

ಒಬ್ಬ ಹುಡುಗ ಇಳಿಯಲು ಕಾಲು ಹಾಕಿದ. ಅಜ್ಜ ಕಟ್ಟೆಯಿಂದಲೇ ಕೂಗಿದರು, "ಇಳೀಬ್ಯಾಡೋ, ಸಾಯ್ತಿ!" ಮುಚ್ಚಿದ ಹಗೇವಿನೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಹಿಂದೆಲ್ಲ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ದೀಪ ಇಳಿಸಿ ನೋಡುತ್ತಿದ್ದರು. ನಾವೂ ಒಂದು ಡಬ್ಬಿಯಲ್ಲಿ ಮೇಣದಬತ್ತಿ ಹಚ್ಚಿ ಹಗ್ಗಕ್ಕೆ ಕಟ್ಟಿ ಬಿಟ್ಟೆವು. ಮೂರಡಿ ಇಳಿದಿರಲಿಲ್ಲ, ಆರಿಹೋಯಿತು. ಮರುದಿನದ ತನಕ ಬಾಯಿ ತೆರೆದೇ ಬಿಟ್ಟೆವು. ಆಮೇಲೆ ಇಳಿದವರು ಅಳೆದರೆ ಒಂಬತ್ತಡಿ ಆಳ. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ನಾಲ್ಕು ಜನ ಸುತ್ತ ಕೂತು ಉಣ್ಣುವಷ್ಟು ಅಗಲ. ಗೋಡೆಗೆ ಕಪ್ಪಾದ ಹುಲ್ಲು ಅಂಟಿಕೊಂಡಿತ್ತು. ನೀರು ನಿಲ್ಲದ ಗಟ್ಟಿ ನೆಲ ನೋಡಿ, ಹುಲ್ಲು ಹಾಸಿ, ಬರಗಾಲಕ್ಕೆ ಅಂತ ಜೋಳ ಇಟ್ಟ ಜಾಗ ಅದು. ಅದರ ಮೇಲೆ ಎರಡಂತಸ್ತಿನ ಮೂಲೆ ಪಿಲ್ಲರ್ ಕೂರುವುದರಲ್ಲಿತ್ತು.

ಮನೆ ಮಾಲೀಕರಿಗೆ ಮೊದಲು ಬೇಜಾರಾಯಿತು. ಹಗೇವಿನ ತಳದ ಗರಸಿನಿಂದಲೇ ಕಾಂಕ್ರೀಟ್ ತುಂಬಿಕೊಂಡು ಮೇಲೆ ಬರಬೇಕು ಅಂದರೆ ಯಾರಿಗೆ ಬೇಜಾರಾಗುವುದಿಲ್ಲ ಹೇಳಿ? ಕೆಲಸ ಮುಗಿದ ದಿನ ಅವರೇ ಅಜ್ಜನ ಕಟ್ಟೆಗೆ ಹೋಗಿ ಕಾಲು ಮುಟ್ಟಿದರು. ಅಂದಿನಿಂದ ಹಳೇ ಊರಿನ ಯಾವ ಸೈಟಿಗೆ ಹೋದರೂ ನಾನು ಮೊದಲು ಹುಡುಕುವುದು ಆ ಓಣಿಯ ಅತಿ ಹಿರಿಯರನ್ನು.

ಹೊಸ ಬಡಾವಣೆಗಳಲ್ಲಿ ಹಗೇವು ಇಲ್ಲ, ಆದರೆ ಎರಿ, ಅಂದರೆ ಕಪ್ಪು ಮಣ್ಣಿದೆ. ನಿನ್ನೆ ತನಕ ಜೋಳ, ಕಡಲೆ ಬೆಳೆದ ಹೊಲಗಳೇ ಅವು. ಎರಿ ಹೊಲ ಉತ್ತವರಿಗೆ ಈ ಮಣ್ಣಿನ ಸ್ವಭಾವ ನನಗಿಂತ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮನೆ ಅದರ ಮೇಲೆ ಕೂತರೆ ಮಣ್ಣಿನ ಜೊತೆ ಮನೆಯೂ ಏರಿ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಕಂಡರೆ ಹೆಚ್ಚಾಗಿ ಇದೇ ಕಥೆ. ಎರಿ ತೀರಾ ಆಳವಿದ್ದರೆ ಬುಡ ಅಗಲ ಮಾಡಿದ ಪೈಲು, ಅಂದರೆ ನೆಲದೊಳಗಿನ ಕಾಂಕ್ರೀಟ್ ಕಂಬ ಇಳಿಸಬೇಕು. ಅದಕ್ಕೆ ಕನಿಷ್ಠ 3.5 ಮೀಟರ್ ಅಂತ ಭಾರತೀಯ ಮಾನಕ ಹೇಳುತ್ತದೆ, ಯಾಕೆಂದರೆ ಅಷ್ಟು ಕೆಳಗೆ ಹೋದರೆ ಮಣ್ಣಿನ ಈ ಏರಿಳಿತ ಮುಟ್ಟುವುದಿಲ್ಲ. ನಮ್ಮಲ್ಲಿ ಎಷ್ಟೋ ಕಡೆ ಅಷ್ಟು ಬೇಕಾಗುವುದಿಲ್ಲ. ನಾಲ್ಕಡಿ, ಐದಡಿಗೆ ಗರಸು ಸಿಗುತ್ತದೆ. ಅಲ್ಲಿ ತನಕ ತೋಡಬೇಕು ಅಷ್ಟೇ. ಆದರೆ "ಎಲ್ಲರೂ ನಾಕಡಿ ಹಾಕ್ಯಾರ" ಅಂತ ನಾಲ್ಕಡಿಗೇ ನಿಲ್ಲಿಸುತ್ತಾರೆ, ಕೆಳಗೆ ಗರಸು ಬಂತೋ ಇಲ್ಲವೋ ನೋಡುವುದಿಲ್ಲ.

ಒಂದು ಹೆಬ್ಬೆರಳಿನಷ್ಟು

ಇನ್ನು ಸ್ಲ್ಯಾಬು. ಇದನ್ನು ಬರೆಯುವಾಗ ನನಗೆ ಸುಲಭ ಆಗುವುದಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ, ರಾಯಚೂರು ಜಿಲ್ಲೆಯ ಒಂದು ಊರಲ್ಲಿ, ಒಂದು ಮನೆಯ ಸ್ಲ್ಯಾಬು ಹಾಕುವಾಗ ನಾನು ಅಲ್ಲಿದ್ದೆ. ಪಕ್ಕದ ಚರಂಡಿ ನೋಡಲು ಹೋದವಳು ಮೆಟ್ಟಿಲು ಹತ್ತಿ ಮೇಲೆ ಹೋದೆ. ಸೆಂಟ್ರಿಂಗ್ ಶೀಟಿನ ಮೇಲೆ ಕಬ್ಬಿಣ ನೇರವಾಗಿ ಮಲಗಿತ್ತು. ಕಬ್ಬಿಣವನ್ನು ಶೀಟಿನಿಂದ ಮೇಲೆತ್ತಿ ಹಿಡಿಯುವ ಸಣ್ಣ ಬಿಲ್ಲೆ, ಕವರ್ ಬ್ಲಾಕ್, ಕೆಳಗೆ ಒಂದೂ ಇಲ್ಲ. ಗೌಂಡಿಯನ್ನು ಕೇಳಿದೆ. "ಮಾಲು ಹಾಕೂವಾಗ ಎತ್ತಿ ಎತ್ತಿ ಬಿಡ್ತೀವ್ರಿ ಮೇಡಂ" ಅಂದರು. ಯಾರೂ ಎತ್ತುವುದಿಲ್ಲ ಅಂತ ನನಗೆ ಗೊತ್ತಿತ್ತು. ಮಿಕ್ಸರ್ ತಿರುಗುತ್ತಿತ್ತು. 20 ಜನ ಕೂಲಿಯವರು ಪುಟ್ಟಿ ಹಿಡಿದು ಸಾಲಾಗಿ ನಿಂತಿದ್ದರು. ಕಾಯಿ ಒಡೆದಾಗಿತ್ತು. ನಾನು ಹೊಸಬಳು. ಸುಮ್ನೆ ಇಳಿದು ಬಂದೆ.

ಆರು ವರ್ಷದ ಮೇಲೆ ಬೇರೆ ಕೆಲಸಕ್ಕೆ ಅದೇ ಓಣಿಗೆ ಹೋದಾಗ ಆ ಮನೆಯವರು ಒಳಗೆ ಕರೆದರು. ಮಲಗುವ ಕೋಣೆಯ ಮೇಲ್ಭಾಗದ ಗಿಲಾವು ಎರಡು ಕಡೆ ಉದುರಿತ್ತು. ಕಬ್ಬಿಣ ಕಂದುಬಣ್ಣಕ್ಕೆ ತಿರುಗಿ ಹೊರಗೆ ಕಾಣುತ್ತಿತ್ತು. ಮುಟ್ಟಿದರೆ ಪದರು ಪದರಾಗಿ ತುಕ್ಕು ಕೈಗೆ ಬಂತು. ಮಂಚವನ್ನು ಅವರು ಇನ್ನೊಂದು ಗೋಡೆಗೆ ಸರಿಸಿಕೊಂಡಿದ್ದರು. "ಮಕ್ಕಳು ಮಲಗ್ತಾವಲ್ರಿ, ಅದಕ್ಕ" ಅಂದರು ಆ ತಾಯಿ. ಅವತ್ತು ನಾನು ಬಾಯಿ ತೆರೆದಿದ್ದರೆ ಒಂದು ಗಂಟೆಯ ಕೆಲಸ ಅದು. ನನ್ನ ಮೌನಕ್ಕೂ ಆ ಮಂಚ ಸರಿದದ್ದಕ್ಕೂ ಇರುವ ಸಂಬಂಧ ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು.

ಕಬ್ಬಿಣದ ಕೆಳಗೆ ಸ್ಲ್ಯಾಬಿನಲ್ಲಿ ಕಡಿಮೆ ಅಂದರೂ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕು. ನನ್ನ ಹೆಬ್ಬೆರಳಿನ ಅಗಲ. ಗಾಳಿ, ನೀರು ಕಬ್ಬಿಣ ಮುಟ್ಟದ ಹಾಗೆ ಕಾಯುವುದು ಅಷ್ಟೇ. ಪಿಲ್ಲರಿಗೆ 40, ಪಾಯದೊಳಗೆ 50. ಕಬ್ಬಿಣ ಎಷ್ಟು ದಪ್ಪ ಹಾಕಿದ್ದೇವೆ ಅಂತ ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ, ಯಾವ ಕಂಪನಿಯ ಸಿಮೆಂಟು ಅಂತ ಹೇಳುತ್ತಾರೆ. ಈ ಹೆಬ್ಬೆರಳಿನ ಮಾತು ಯಾರೂ ಎತ್ತುವುದಿಲ್ಲ.

ಹಾಗಾಗಿ ಕಳೆದ ಏಪ್ರಿಲ್‌ನಲ್ಲಿ ಇನ್ನೊಂದು ಮನೆಯ ಮೇಲೆ ಅದೇ ದೃಶ್ಯ ಕಂಡಾಗ ನಾನು ಇಳಿದು ಬರಲಿಲ್ಲ. ಬೆಳಗ್ಗೆ ಏಳೂವರೆಗೇ ಬಿಸಿಲು ಸುಡುತ್ತಿತ್ತು. ಕಬ್ಬಿಣದ ಕೆಳಗೆ ಕಿರುಬೆರಳು ತೂರಿಸಿ ನೋಡಿದೆ, ಹೋಗಲಿಲ್ಲ. "ಕಾಕಾ, ನನಗ ಒಂದ ತಾಸು ಕೊಡ್ರಿ" ಅಂದೆ. ಮಾಲೀಕರು ಮುಖ ಗಂಟಿಕ್ಕಿದರು. ಕೂಲಿ, ಮಿಕ್ಸರ್ ಬಾಡಿಗೆ ಎಲ್ಲ ಅವರ ತಲೆ ಮೇಲೆ. ಕವರ್ ಬ್ಲಾಕ್ ಆ ಹೊತ್ತಿನಲ್ಲಿ ಎಲ್ಲಿ ಸಿಗಬೇಕು? ಮುಂದಿನ ತಿರುವಿನಲ್ಲಿ ಒಂದು ಗ್ರಾನೈಟ್ ಅಂಗಡಿ ಇತ್ತು. ಅಡುಗೆಕಟ್ಟೆಗೆ ಕೊಯ್ದು ಉಳಿದ ಚೂರುಗಳು ಹೊರಗೆ ರಾಶಿ ಬಿದ್ದಿದ್ದವು. ಆ ಹಲಗೆಗಳ ದಪ್ಪ ಸುಮಾರು 20 ಮಿಲಿಮೀಟರೇ. ಓಣಿಯ ಹುಡುಗರು ಎರಡು ಪುಟ್ಟಿ ತುಂಬಿ ತಂದರು. ಒಬ್ಬರು ಕೊಕ್ಕೆಯಿಂದ ಕಬ್ಬಿಣ ಎತ್ತುವುದು, ಇನ್ನೊಬ್ಬರು ಚೂರು ತೂರಿಸುವುದು. ಕೂಲಿ ಹೆಣ್ಣುಮಕ್ಕಳೂ ಕೂತರು. ಮುಕ್ಕಾಲು ತಾಸಿಗೆ ಮುಗಿಯಿತು. ಹೊರಡುವಾಗ ಗೌಂಡಿ ಕಾಕಾ ಬಗ್ಗಿ, ಕಬ್ಬಿಣದ ಕೆಳಗೆ ತಮ್ಮದೇ ಬೆರಳು ತೂರಿಸಿ ನೋಡಿದರು. ಸರಾಗ ಹೋಯಿತು. ಏನೂ ಮಾತಾಡಲಿಲ್ಲ, ನನ್ನ ಕಡೆ ನೋಡಿ ತಲೆ ಆಡಿಸಿದರು.

ನೀರು ಹೊಡೆಯುವುದೂ ಹಾಗೇ. ಈಗ ಎಲ್ಲ ಕಡೆ ಹಾರುಬೂದಿ ಸೇರಿದ ಸಿಮೆಂಟೇ ಜಾಸ್ತಿ. ನಮ್ಮ ಬಿಸಿಲಿಗೆ ಆ ಕಾಂಕ್ರೀಟಿಗೆ 14 ದಿನ ಹಸಿ ಇರಬೇಕು. ಟ್ಯಾಂಕರ್ ನೀರು ಕೊಂಡು ತರುವವರು ಮೂರನೇ ದಿನಕ್ಕೆ ನಿಲ್ಲಿಸಿಬಿಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಸ್ಲ್ಯಾಬಿನ ಮೇಲೆ ಮಣ್ಣಿನ ಸಣ್ಣ ಬದು ಹಾಕಿ, ಭತ್ತದ ಮಡಿ ಥರ ನೀರು ನಿಲ್ಲಿಸಿದರೆ ಕಡಿಮೆ ನೀರಲ್ಲಿ ಆಗುತ್ತದೆ. ಗಂಗಾವತಿ, ಸಿಂಧನೂರು ಕಡೆಯವರಿಗೆ ಇದನ್ನು ಒಂದು ಸಲ ಹೇಳಿದರೆ ಸಾಕು, ಮಡಿ ಕಟ್ಟುವುದು ಅವರಿಗೆ ಯಾರೂ ಕಲಿಸಬೇಕಿಲ್ಲ.

ನಮ್ಮನ್ನು ಕಂಡರೆ ಯಾಕೆ ಮುಚ್ಚುತ್ತಾರೆ

2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಆ ವಾರ ನಾವೆಲ್ಲ ಸೈಟಿಂದ ಸೈಟಿಗೆ ಓಡಾಡಿದೆವು. ಎಲ್ಲಿ ಹೋದರೂ ಒಂದೇ ಅನುಭವ. ನಮ್ಮ ಬೈಕು ಓಣಿಯ ತುದಿಯಲ್ಲಿ ಕಂಡ ಕೂಡಲೇ ಕೆಲಸ ನಿಲ್ಲುತ್ತಿತ್ತು, ಇಲ್ಲವೇ ದುಪ್ಪಟ್ಟು ಜೋರಾಗುತ್ತಿತ್ತು. ನಾವು ಮೇಲೆ ಹತ್ತುವಷ್ಟರಲ್ಲಿ ಕಾಣಬಾರದ್ದು ಮುಚ್ಚಿರಬೇಕು, ಅಷ್ಟೇ. ಒಬ್ಬರು ನಾನು ಬಾಯಿ ತೆರೆಯುವ ಮೊದಲೇ ಮಡಿಚಿದ ನೋಟು ಫೈಲಿನೊಳಗೆ ಇಟ್ಟರು. ತೆಗೆದು ಕೈಗೆ ಕೊಟ್ಟೆ. ಕಡಿಮೆ ಆಯಿತು ಅಂದುಕೊಂಡು ಮತ್ತೊಂದು ನೋಟು ತೆಗೆದರು.

ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ಅವರಿಗೆ ಹಾಗೆ ಕಲಿಸಿದ್ದು ನಮ್ಮ ಇಲಾಖೆಯ ಬಟ್ಟೆ ತೊಟ್ಟವರೇ ಅಲ್ವಾ? ಲಂಚದ ಬಗ್ಗೆ ಮಾತಾಡುವಾಗ ನಾವು ದುಡ್ಡಿನ ಲೆಕ್ಕ ಹಾಕುತ್ತೇವೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಮನೆ ಕಟ್ಟುವವರು ನಮ್ಮನ್ನು ಕರೆಯುವುದನ್ನೇ ಬಿಟ್ಟರು. ಪಾಯ ತೋಡಿದ ದಿನ, ಕಬ್ಬಿಣ ಕಟ್ಟಿದ ದಿನ, ನಮ್ಮಿಂದ ನಿಜವಾಗಿ ಉಪಯೋಗ ಆಗುವ ಆ ಎರಡು ದಿನ, ಇವರು ಬರದಿದ್ದರೆ ಸಾಕು ಅಂತ ದೇವರಿಗೆ ಕೈ ಮುಗಿಯುತ್ತಾರೆ. ನಾವೂ ಫೈಲಿಗೆ ಪಿನ್ನು ಹೊಡೆದ ಇಂಜಿನಿಯರ್ ಡ್ರಾಯಿಂಗ್ ಇದೆ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಒಂದೇ ಪಾಯದ ಡ್ರಾಯಿಂಗು ಹತ್ತು ಮನೆಗಳ ಫೈಲಿನಲ್ಲಿ ಇರುವುದನ್ನು ನಾನು ನೋಡಿದ್ದೇನೆ. ಗರಸಿನ ಮನೆಗೂ ಅದೇ, ಎರಿಯ ಮನೆಗೂ ಅದೇ.

ಈಗ ಪರವಾನಗಿ ಕೊಡುವಾಗಲೇ ನನ್ನ ಫೋನ್ ನಂಬರು ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಗುಂಡಿ ತೋಡಿದಾಗ ಒಮ್ಮೆ, ಕಬ್ಬಿಣ ಕಟ್ಟಿದಾಗ ಒಮ್ಮೆ ಫೋನ್ ಮಾಡಿ ಅಂತ. ಮೊದಲ ವರ್ಷ ಮೂವರು ಮಾಡಿದರು.

ಮತ್ತೆ ಆ ಮನೆಗೆ

ಆ ಅಮ್ಮನ ಮನೆಗೆ ಒಂದು ವಾರದಲ್ಲೇ ಮತ್ತೆ ಹೋಗಿದ್ದೆ. ಆಗ ಅವರು ಕಿಟಕಿಯ ಮೂಲೆ ತೋರಿಸಿದರು. ಕೂದಲೆಳೆಯಂಥ ಬಿರುಕು, ಓರೆಯಾಗಿ ಒಂದು ಗೇಣು. ಅವರು ಅವತ್ತು ಕೇಳಿದ್ದಕ್ಕೆ ಕಾರಣ ಅದೇ. ನಾನು ಅದನ್ನು ನೋಡಿಯೇ ಇರಲಿಲ್ಲ, ನನ್ನ ಕಣ್ಣು ಟೇಪಿನ ಮೇಲಿತ್ತು. ಬಿರುಕಿನ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಕು ಬರೆದೆ. ಬಚ್ಚಲ ನೀರು ಗೋಡೆಯ ಬುಡಕ್ಕೇ ಹೋಗುತ್ತಿತ್ತು, ಪೈಪು ಹಾಕಿಸಿ ದೂರ ಬಿಡಲು ಹೇಳಿದೆ. ಮನೆ ಸುತ್ತ ಮೂರಡಿ ಕಾಂಕ್ರೀಟ್ ಪಟ್ಟಿ ಹಾಕಿಸಲು ಹೇಳಿದೆ. ಎರಡೂ ಮಾಡಿಸಿದರು. ಅಲ್ಲಿಂದ ವರ್ಷಕ್ಕೆ ಎರಡು ಸಲ ಹೋಗಿ ನೋಡುತ್ತೇನೆ. ಒಮ್ಮೆ ಹೋದಾಗ ನನ್ನ ಗೆರೆಗಳ ನಡುವೆ ಇದ್ದಿಲಿನ ಗೆರೆಗಳೂ ಇದ್ದವು. "ನೀವು ಇಲ್ಲದಾಗ ನಾ ಹಾಕ್ತೀನ್ರಿ. ಮಳಿಗಾಲದಾಗ ಬಾಯಿ ಮುಚ್ಚತೈತಿ, ಬ್ಯಾಸಗ್ಯಾಗ ತಗೀತೈತಿ" ಅಂದರು.

ಅವರ ಮಗ ಬೆಂಗಳೂರಿನಿಂದ ಒಮ್ಮೆ ಫೋನ್ ಮಾಡಿದ್ದ. ಅವನ ಕೆಲಸವೇ ಬಾರ್ ಬೆಂಡಿಂಗ್, ಹದಿನೆಂಟು ಇಪ್ಪತ್ತಂತಸ್ತಿನ ಕಟ್ಟಡಗಳಿಗೆ ಕಬ್ಬಿಣ ಕಟ್ಟುವುದು. "ಮೇಡಂರ, ಇಲ್ಲಿ ಒಂದ ಕವರ್ ಬ್ಲಾಕ್ ಸರದಿದ್ರ ಎಲ್ಲಾ ಬಿಚ್ಚಸ್ತಾರ್ರಿ. ನಮ್ಮ ಮನಿ ಸ್ಲ್ಯಾಬಿನ ದಿನ ನನಗ ರಜಾ ಸಿಗಲಿಲ್ಲ. ಹಾಕ್ಯಾರೇನ್ರಿ?" ಅಂತ ಕೇಳಿದ. ಈ ಸಲ ನಾನು ಸುಳ್ಳು ಹೇಳಲಿಲ್ಲ. "ನಾ ನೋಡಿಲ್ಲಪ್ಪಾ" ಅಂದೆ. ಬಹಳ ಹೊತ್ತು ಅವನು ಮಾತಾಡಲಿಲ್ಲ.

ಈಗ ಮೇಲೆ ಒಂದು ಖೋಲಿ ಕಟ್ಟಿಸಬೇಕು ಅಂತ ಅವರ ಆಸೆ. ನಾನು ಅರ್ಜಿ ತಗೊಳ್ಳುವ ಮೊದಲು ಪಾಯ ನೋಡೋಣ ಅಂದೆ. ಈ ಮಾರ್ಚ್‌ನ ಒಂದು ಭಾನುವಾರ, ಬಿರುಕಿದ್ದ ಗೋಡೆಯ ಹೊರಗೆ, ಪಟ್ಟಿಯ ಒಂದು ತುಂಡು ಒಡೆದು, ಮೂರಡಿ ಅಗಲದ ಗುಂಡಿ ತೆಗೆಸಿದೆವು. ಸೈಜುಗಲ್ಲಿನ ಕಟ್ಟಡ ಚೆನ್ನಾಗಿತ್ತು, ಗಾರೆ ಗಟ್ಟಿಯಿತ್ತು. ಸರಿಯಾಗಿ ನಾಲ್ಕಡಿಗೆ ಕಲ್ಲು ನಿಂತಿತ್ತು. ಅದರ ಕೆಳಗೆ ಇನ್ನೂ ಕಪ್ಪು ಎರಿ. ಹಾರಿಯಿಂದ ಅದನ್ನು ಕೆದರಿದೆವು. ಒಂದು ಗೇಣು ಹೋಗುವಷ್ಟರಲ್ಲಿ ಹಾರಿ ಠಣ್ ಅಂದಿತು. ಕೆಂಪು ಗರಸು.

ಆ ಅಮ್ಮ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ಗುಂಡಿಯೊಳಗೆ ನೋಡಿದರು. ಕಲ್ಲು ಎಲ್ಲಿ ನಿಂತಿದೆ, ಗರಸು ಎಲ್ಲಿ ಶುರುವಾಗಿದೆ ಅಂತ ತೋರಿಸಿದೆ. ನಡುವಿನ ಕಪ್ಪು ಮಣ್ಣಿಗೆ ಅವರು ಕೈಯಿಟ್ಟು ಗೇಣು ಹಾಕಿ ನೋಡಿದರು. ಗೋಡೆಯನ್ನು ತುಂಡು ತುಂಡಾಗಿ ಕೆಳಗಿನಿಂದ ಗರಸಿಗೆ ಮುಟ್ಟಿಸಿ ಕಟ್ಟಬಹುದು, ಎಷ್ಟು ಖರ್ಚು ಬರುತ್ತದೆ ಲೆಕ್ಕ ಹಾಕೋಣ, ಆ ತನಕ ಮೇಲೆ ಏನೂ ಕಟ್ಟುವುದು ಬೇಡ ಅಂದೆ. ತಲೆಯಾಡಿಸಿದರು. ಕೂಲಿ ಹುಡುಗ ಮಣ್ಣು ಎಳೆಯಲು ಸಲಿಕೆ ಎತ್ತಿಕೊಂಡ.

"ಈಗ ಮುಚ್ಚಬ್ಯಾಡೋ ತಮ್ಮಾ" ಅಂದರು. "ಯುಗಾದಿಗೆ ಮಗ ಬರ್ತಾನ. ಅವನೂ ನೋಡ್ಲಿ."

ಗುಂಡಿಯ ಮೇಲೆ ಒಂದು ತಗಡು ಎಳೆದು, ಹಾರದ ಹಾಗೆ ನಾಲ್ಕು ಮೂಲೆಗೆ ಕಲ್ಲು ಹೇರಿ ಬಂದೆವು.